ಹರಕೆ ಮುರಿದ ಮಧ್ಯಾಹ್ನ

ನನ್ನ ಹೆಂಡತಿಯ ಮೈಮೇಲೆ ಊರಮ್ಮ ಬಂದಿದ್ದಳು, ತಾಯಿ ಅಪ್ಪಣೆ ಕೊಡುತ್ತಿರುವಾಗಲೇ ನಾನು ಅವಳನ್ನು ಎತ್ತಿಕೊಂಡು ಹೋದೆ ಎಂದು ನಮ್ಮೂರಿನಲ್ಲಿ ಈಗಲೂ ಹೇಳುತ್ತಾರೆ. ಎತ್ತಿಕೊಂಡು ಹೋದದ್ದು ನಿಜ. ಊರಮ್ಮ ಬಂದದ್ದು ಸುಳ್ಳು. ನಾನು ಓದಿದ್ದು ಮೂರನೆಯ ಕ್ಲಾಸು, ಬರೆಯಲು ಕೂತರೆ ಬೆರಳು ಹಿಡಿದುಕೊಳ್ಳುತ್ತವೆ. ಆದರೂ ಇದನ್ನು ನಾನೇ ಬರೆಯಬೇಕು. ಖುಷಿ ಹೊಟ್ಟೆಯಲ್ಲಿ ಹಿಡಿಸದವನು ಜಗಳಕ್ಕೂ ಬೇಗ ನಿಲ್ಲುತ್ತಾನೆ. ನಾನೀಗ ಹಾಗಿದ್ದೇನೆ.

ನಮ್ಮದು ಕಿಕ್ಕೇರಿಯಿಂದ ಒಳಕ್ಕಿರುವ ಊರು. ಒಂದಿಷ್ಟು ಗದ್ದೆ, ಹಾಲು ಕರೆಯುವ ಹಸು, ಕಬ್ಬಿನ ಕಾಲದಲ್ಲಿ ನನಗೆ ಆಲೆಮನೆಯಲ್ಲಿ ಬೆಲ್ಲ ತೆಗೆಯುವ ಕೆಲಸ. ಕೊಪ್ಪರಿಗೆಯ ಮುಂದೆ ನಿಂತು ಪಾಕ ನೋಡುವವನು ನಾನು. ನನ್ನ ಹೆಂಡತಿ ಕುಳಿತು ಉಂಡದ್ದನ್ನು ನಾನು ಕಂಡಿಲ್ಲ, ಅಷ್ಟು ಓಡಾಟದ ಹೆಂಗಸು. ಅವಳಿಗೆ ಕತ್ತಿನ ಮುಂಭಾಗ ಊದಿಕೊಳ್ಳತೊಡಗಿತು. ಎಷ್ಟು ಉಂಡರೂ ಸೊರಗುತ್ತಾ ಹೋದಳು. ಚಳಿಗಾಲದಲ್ಲೂ ಬೆವರು. ಸಾರು ಬಡಿಸುವಾಗ ಸೌಟು ತಟ್ಟೆಯ ಅಂಚಿಗೆ ಟಕಟಕ ಬಡಿಯುತ್ತಿತ್ತು. ಕೆ.ಆರ್. ಪೇಟೆಯ ಡಾಕ್ಟರು ರಕ್ತವನ್ನು ಮೈಸೂರಿಗೆ ಕಳಿಸಿ ನೋಡಿದರು. ಕತ್ತಿನಲ್ಲಿ ಥೈರಾಯ್ಡ್ ಎಂಬ ಗ್ರಂಥಿ ಇದೆ, ಅದು ಅಳತೆ ಮೀರಿ ರಸ ಸುರಿಸುತ್ತಿದೆ, ಇಡೀ ಮೈ ಓಟ ಕಿತ್ತಿದೆ ಎಂದರು. ಮಾತ್ರೆ ಕೊಟ್ಟರು. ನಾನು ಹೇಳುವವರೆಗೆ ನಿಲ್ಲಿಸಬೇಡಿ ಅಂದರು. ಮಾತ್ರೆ ನುಂಗಿದಳು, ಮೈ ತುಂಬಿಕೊಂಡಳು, ಮೊದಲಿನ ಹೆಂಗಸೇ ಆದಳು.

ಅಷ್ಟರಲ್ಲಿ ಬೆಳಗೊಳಕ್ಕೆ ಕೊಟ್ಟಿದ್ದ ನಮ್ಮ ಒಬ್ಬಳೇ ಮಗಳು ಬಸುರಿಯಾದಳು. ಹಿಂದೆ ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಈ ಸಲ ಉಳಿಯಲಿ ಎಂದು ನನ್ನ ಹೆಂಡತಿ ಊರಮ್ಮನಿಗೆ ಹರಕೆ ಹೊತ್ತಳು. ಮಗು ಕೈಗೆ ಬರುವವರೆಗೂ ಒಪ್ಪತ್ತು ಊಟ, ಬರಿಗಾಲು. ಇವೆರಡು ನನಗೆ ಗೊತ್ತಿದ್ದವು. ದೇವರಿಗೆ ಬಿಟ್ಟ ಬಾಯಿಗೆ ಔಷಧಿ ಮುಟ್ಟಿಸುವುದಿಲ್ಲ ಎಂಬ ಮೂರನೆಯದೊಂದನ್ನೂ ಸೇರಿಸಿಕೊಂಡಿದ್ದಳು. ಅದನ್ನು ನನಗೆ ಹೇಳಲಿಲ್ಲ. ಹೇಳಿದರೆ ನಾನು ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಏಳು ತಿಂಗಳು ತುಂಬಿ, ಬಳೆ ತೊಡಿಸುವ ಶಾಸ್ತ್ರಕ್ಕೆ ಮಗಳು ಮನೆಗೆ ಬಂದಳು. ಹೆಂಡತಿಗೆ ಕೆಮ್ಮು, ಜ್ವರ ಹಿಡಿದಿತ್ತು. ಕಷಾಯ ಕುಡಿಯಮ್ಮಿ ಅಂದರೆ, 'ಬ್ಯಾಡ ಕನ, ತಾಯಿ ನೋಡ್ಕತಾಳೆ' ಅಂದಳು. ಮಾರನೆಯ ಮಧ್ಯಾಹ್ನ ನಾನು ಆಲೆಮನೆಯಲ್ಲಿದ್ದೆ. ಪಕ್ಕದ ಮನೆಯ ಹೆಂಗಸು ಸೆರಗು ಬಿಗಿದುಕೊಂಡು ಓಡಿಬಂದಳು.

'ಅಣ್ಣಾ, ಬಾ ಬೇಗ. ಅಕ್ಕನ ಮೈಮ್ಯಾಲೆ ತಾಯಿ ಬಂದವ್ಳೆ.'

'ಯಾವ ತಾಯಿ?'

'ಅದೇನಣ್ಣ ಅಂಗ್ ಕೇಳೀಯೆ. ನಮ್ಮೂರಮ್ಮ ಕನ. ಊರೆಲ್ಲ ಸೇರದೆ.'

ಹೌದು, ಊರೆಲ್ಲ ಸೇರಿತ್ತು. ಅಂಗಳದ ನಡುವೆ ನನ್ನ ಹೆಂಡತಿ ಕೂದಲು ಕೆದರಿಕೊಂಡು ಕೂತಿದ್ದಳು. ಕಣ್ಣು ಹೊರಗೆ ಬಿದ್ದುಹೋಗುವ ಹಾಗೆ ಅಗಲವಾಗಿದ್ದವು. ಮೈ ಗಡಗಡ ನಡುಗುತ್ತಿತ್ತು, ಸೀರೆ ಬೆವರಿನಿಂದ ತೊಯ್ದಿತ್ತು. ಬಾಯಿ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಹಣೆಗೆ ಕುಂಕುಮ ಮೆತ್ತಿದ್ದರು, ಮಡಿಲಿಗೆ ಬೇವಿನ ಸೊಪ್ಪು ಹಾಕಿದ್ದರು. ಪೂಜಾರಿ ಕರ್ಪೂರ ಹಚ್ಚಿಕೊಂಡು ನಿಂತಿದ್ದ. ಒಬ್ಬ ಮುಂದೆ ಬಂದು ಅಡ್ಡಬಿದ್ದು, 'ಅವ್ವಾ, ನಮ್ ಹುಡುಗುಂಗೆ ಕೆಲ್ಸ ಯಾವಾಗ ಆಯ್ತದೆ, ಅಪ್ಪಣೆ ಕೊಡವ್ವ' ಅಂದ.

'ಹಾಲು ಹಾಕ್ಬುಟ್ಟು ಬಂದ್ರೇನ್ಲಾ? ಕ್ಯಾನು ತೊಳುದ್ರಾ?' ಅಂದಳು ಹೆಂಡತಿ.

ಅವನ ಮುಖ ಅರಳಿತು. 'ಡೈರೀಲೇ ಆಯ್ತದಂತೆ' ಎಂದು ಪಕ್ಕದವನಿಗೆ ಹೇಳಿದ.

'ಕ್ಯಾನು ತೊಳ್ಯೋ ಕೆಲ್ಸ ಕನ್ಲಾ ನಿನ್ ಮಗುಂಗೆ ಸಿಗೋದು' ಎಂದು ಯಾರೋ ಹಿಂದಿನಿಂದ ಅಂದರು. ನಕ್ಕವರನ್ನು ಪೂಜಾರಿ ಗದರಿಸಿದ.

ನಾನು ಹೋಗಿ ಅವಳ ಕೈ ಹಿಡಿದೆ. ಅದು ಜ್ವರವಾ? ನಲವತ್ತು ವರ್ಷ ಒಲೆಯ ಮುಂದೆ ನಿಂತವನು ನಾನು, ಅಂಥ ಕಾವನ್ನು ಮನುಷ್ಯರ ಮೈಯಲ್ಲಿ ಕಂಡಿರಲಿಲ್ಲ. ಕತ್ತಿನ ನರ ಎಣಿಸಲಾಗದಷ್ಟು ಜೋರಾಗಿ ಹಾರುತ್ತಿತ್ತು. ಕಾಲು ಬಾತುಕೊಂಡಿದ್ದವು. ಕಣ್ಣಿನ ಬಿಳಿ ಅರಿಸಿನ ಬಳಿದ ಹಾಗಿತ್ತು.

'ಮುಟ್ಬ್ಯಾಡ್ವೋ, ಕಾಲು ತೊಳ್ದು ಬಂದಿದ್ದೀಯಾ?' ಅಂದ ಪೂಜಾರಿ.

'ಕಣ್ಣು ಹಳದಿ ಆಗದೆ ನೋಡು' ಅಂದೆ.

'ತಾಯಿ ಬಣ್ಣವೇ ಹಳದಿ ಅಲ್ವೇನಯ್ಯ.'

ಆಗ ಮಗಳು ಬಾಗಿಲ ಬಳಿಯಿಂದ ಹೇಳಿದಳು, ಬೆಳಗಿನಿಂದ ಅವ್ವನಿಗೆ ವಾಂತಿ, ಭೇದಿ. ಮಾತ್ರೆ ಕೊಡೋಣ ಎಂದು ಹುಡುಕಿದರೆ ಪೊಟ್ಟಣಗಳೆಲ್ಲ ದೇವರ ಗೂಡಿನಲ್ಲಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದಾಳೆ, ಒಂದೂ ಒಡೆದಿಲ್ಲ. ಆಗಲೇ ನನಗೆ ಹರಕೆಯ ಮೂರನೆಯ ಭಾಗ ತಿಳಿದದ್ದು.

ನಾನು ಅವಳ ತೋಳಿನ ಕೆಳಗೆ ಕೈ ಹಾಕಿದೆ. ನನ್ನ ಅಣ್ಣ ಅಡ್ಡ ಬಂದ. ಊರಿನಲ್ಲಿ ನ್ಯಾಯ ಹೇಳುವವನು ಅವನು, ನಾನು ಅವನೆದುರು ಜೋರಾಗಿ ಮಾತಾಡಿದವನಲ್ಲ.

'ಎಲ್ಲಿಗ್ಲಾ?'

'ಆಸ್ಪತ್ರೆಗೆ.'

'ಮೈಮ್ಯಾಲೆ ತಾಯಿ ಇರುವಾಗ ಎತ್ಕಂಡೋದ್ರೆ ಹರಕೆ ಮುರೀತದೆ ಕಣ್ಲಾ. ಯಾರಿಗೆ ಹೊತ್ತ ಹರಕೆ ಅದು? ಮಗಳ ಹೊಟ್ಟೇಲಿರೋ ಮಗೀಗೆ. ಅದ್ಕೆ ಏನಾರ ಆದ್ರೆ?'

ನನ್ನ ಕೈ ಅಲ್ಲೇ ನಿಂತಿತು. ದೇವರನ್ನು ನಂಬದವನಲ್ಲ ನಾನು. ಈ ಕೈಯಲ್ಲಿ ಹೆಂಡತಿ, ಆ ಕೈಯಲ್ಲಿ ಇನ್ನೂ ಮುಖ ನೋಡದ ಮಗು. ಯಾವ ಕೈ ಬಿಡಲಿ? ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ಮಗಳು ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು.

'ದೊಡ್ಡಪ್ಪ, ಕೂಸು ನಂದು. ಅದರ ಇಸ್ಯ ನಂಗೆ ಬುಡು. ಅಪ್ಪಾ, ಅವ್ವುನ್ನ ಎತ್ತು.'

ಎತ್ತಿದೆ. ಬೆಲ್ಲ ತುಂಬಲು ಬಂದಿದ್ದ ಮೆಟಡೋರ್ ವ್ಯಾನು ಆಲೆಮನೆ ಮುಂದೆ ಇತ್ತು. ತುಂಬಿದ್ದಷ್ಟು ಬೆಲ್ಲವನ್ನು ಇಳಿಸುವುದಕ್ಕೂ ನಿಲ್ಲಲಿಲ್ಲ, ಅಚ್ಚುಗಳನ್ನು ಪಕ್ಕಕ್ಕೆ ಸರಿಸಿ ಚಾಪೆ ಹಾಸಿ ಮಲಗಿಸಿದೆ. ಪೂಜಾರಿ ವ್ಯಾನಿನ ಮುಂದೆ ನಿಂತು, 'ತಾಯಿ ಸುಮ್ಕಿರಾಕಿಲ್ಲ, ಯೋಳಿವ್ನಿ' ಅಂದ.

'ಸುಮ್ಕಿರದೆ ಬಂದು ಕೇಳ್ಲಿ. ಆಸ್ಪತ್ರೇಲಿ ಇರ್ತೀನಿ' ಅಂದೆ.

ವ್ಯಾನು ಹೊರಟಾಗ ಹಿಂದಿನ ಹಲಗೆ ಹಿಡಿದು ಯಾರೋ ಹತ್ತಿದರು. ನೋಡಿದರೆ ಅಣ್ಣ. 'ನಿಂಗೆ ಬುದ್ಧಿ ಇಲ್ಲ ಅಂತ ಒಬ್ನೇ ಬುಟ್ಬುಡಾಕ್ಕಾಯ್ತದಾ' ಅಂದು ಬೆಲ್ಲದ ಮೇಲೆ ಕೂತ. ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಲೇ ಇದ್ದ. ಗುಂಡಿ ಬಂದಾಗ ಮಾತ್ರ ಬೈಗುಳ ನಿಲ್ಲಿಸಿ, ಅವಳ ತಲೆಯ ಕಡೆಯ ಅಚ್ಚುಗಳು ಉರುಳದಂತೆ ಎರಡು ಕೈಯಲ್ಲೂ ಹಿಡಿದುಕೊಳ್ಳುತ್ತಿದ್ದ.

ಕೆ.ಆರ್. ಪೇಟೆಯ ಡಾಕ್ಟರು ವ್ಯಾನಿಗೇ ಹತ್ತಿ ನೋಡಿದರು. ಮಾತ್ರೆ ನಿಲ್ಲಿಸಿದ್ದಾರಾ ಎಂದಷ್ಟೇ ಕೇಳಿದರು. ನಮ್ಮಲ್ಲಿ ಇದಕ್ಕೆ ಬೇಕಾದ್ದು ಇಲ್ಲ, ನಾಗಮಂಗಲದ ಆಚೆಯ ದೊಡ್ಡಾಸ್ಪತ್ರೆಗೆ ಈಗಲೇ ಹೋಗಿ, ಹೋದ ತಕ್ಷಣ ಥೈರಾಯ್ಡ್ ಮಾತ್ರೆ ಬಿಟ್ಟವರು ಎಂದು ಮೊದಲು ಅದನ್ನೇ ಹೇಳಿ ಅಂದರು. ಕೈಗೆ ಗ್ಲೂಕೋಸಿನ ಸೂಜಿ ಹಾಕಿ ಬಾಟಲಿಯನ್ನು ಅಣ್ಣನಿಗೆ ಕೊಟ್ಟರು. ಆ ಆಸ್ಪತ್ರೆ ಮುಟ್ಟುವವರೆಗೂ ಅಣ್ಣ ಅದನ್ನು ಎತ್ತಿ ಹಿಡಿದುಕೊಂಡು ಬೈದ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಒಬ್ಬರು ಬಂದರು. ನಾನು ಹೇಳಬೇಕಾದ್ದನ್ನು ಹೇಳಿದೆ. ಅವರ ನಡಿಗೆಯೇ ಬದಲಾಯಿತು. ಮೂಗಿಗೆ ಆಮ್ಲಜನಕ, ಎದೆಗೆ ತಂತಿ, ಉಚ್ಚೆಗೆ ನಳಿಕೆ, ಒಂದರ ಮೇಲೊಂದು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

'ನೋಡಿ ಯಜಮಾನರೇ, ಕತ್ತಿನ ಗ್ರಂಥಿಯ ರಸ ಮೈತುಂಬಾ ಉಕ್ಕಿಬಿಟ್ಟಿದೆ. ಓಡಿ ಓಡಿ ಹೃದಯ ಸೋತಿದೆ, ಶ್ವಾಸಕೋಶದಲ್ಲಿ ನೀರು ತುಂಬ್ತಿದೆ. ಲಿವರ್ ಕೆಲಸ ಬಿಟ್ಟಿದೆ, ಅದಕ್ಕೇ ಕಣ್ಣು ಹಳದಿ. ಕಿಡ್ನಿನೂ ನಿಲ್ತಾ ಇದೆ. ನಾವು ಕೈಲಾದ್ದೆಲ್ಲಾ ಮಾಡ್ತೀವಿ. ಬದುಕ್ತಾರೆ ಅಂತ ಮಾತ್ರ ಹೇಳೋಕೆ ಆಗಲ್ಲ.'

'ನೀವು ಯೋಳ್ಬ್ಯಾಡಿ, ಮಾಡಿ' ಅಂದೆ.

ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದರು. ಮಾತ್ರೆಗಳನ್ನು ಅರೆದು ನೀರಿನಲ್ಲಿ ಕದಡಿ ಆ ನಳಿಕೆಯಲ್ಲಿ ಬಿಟ್ಟರು. ಪ್ರಜ್ಞೆ ಇಲ್ಲದಿದ್ದರೂ ನನ್ನ ಹೆಂಡತಿ ಹಲ್ಲು ಕಚ್ಚಿ ತಲೆ ಆಡಿಸುತ್ತಿದ್ದಳು. ಹರಕೆ ಮುರಿದದ್ದು ಆಗ. ತೋಳು ಹಿಡಿದುಕೊಂಡಿದ್ದವನು ನಾನು. ಮನಸ್ಸಿನಲ್ಲಿ ತಾಯಿಗೆ ನೇರವಾಗಿಯೇ ಹೇಳಿದೆ: ಹೊತ್ತವಳು ಅವಳು, ಮುರಿದವನು ನಾನು. ಏನಿದ್ದರೂ ನನ್ನ ಹತ್ತಿರ ಕೇಳು, ಆ ಕೂಸಿನ ಹತ್ತಿರ ಹೋಗಬೇಡ.

ಮೇಜಿನ ಮೇಲೆ ಇನ್ನೊಂದು ಸಣ್ಣ ಶೀಸೆ ಇತ್ತು, ಕೆಂಪು ಮಿಶ್ರಿತ ಕಂದು ಬಣ್ಣದ ಔಷಧಿ. ನರ್ಸು ಅದನ್ನು ಮುಟ್ಟಲೇ ಇಲ್ಲ, ಗಡಿಯಾರ ನೋಡುತ್ತಿದ್ದಳು. ಅಣ್ಣನಿಗೆ ತಡೆಯಲಾಗಲಿಲ್ಲ.

'ಔಸ್ದಿ ಮುಂದೇ ಮಡೀಕಂಡು ಕೊಡ್ದೆ ಕುಂತವ್ರಲ್ಲ. ಇದ್ಯಾವ ಸೀಮೆ ಆಸ್ಪತ್ರೆ?'

ಡಾಕ್ಟರಮ್ಮ ಬೇಸರಿಸಲಿಲ್ಲ. 'ಅದು ಅಯೋಡಿನ್. ಆ ಗ್ರಂಥಿ ರಸ ಮಾಡೋದೇ ಅಯೋಡಿನ್ನಿಂದ. ಈಗಲೇ ಕೊಟ್ರೆ ಅದನ್ನೂ ತಿಂದು ಇನ್ನಷ್ಟು ರಸ ಮಾಡುತ್ತೆ. ಮಾತ್ರೆ ಮೊದಲು ಹೋಗಿ ಮಾಡೋದನ್ನ ನಿಲ್ಲಿಸ್ಬೇಕು. ಒಂದು ಗಂಟೆ ಬಿಟ್ಟು ಇದನ್ನ ಕೊಟ್ರೆ, ಆಗ್ಲೇ ಮಾಡಿಟ್ಟಿರೋ ರಸ ಹೊರಗೆ ಬರದ ಹಾಗೆ ಬಾಗಿಲು ಹಾಕುತ್ತೆ.'

ಅಣ್ಣನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಕಬ್ಬಿನ ಹಾಲು ಉಕ್ಕಿ ಬಂದಾಗ ಹೊಸಬರು ನೊರೆ ತಗ್ಗಿಸಬೇಕೆಂದು ಗಾಬರಿಯಿಂದ ಹರಳೆಣ್ಣೆ ಹನಿಸಲು ಓಡುತ್ತಾರೆ. ಒಲೆಯ ಬಾಯಲ್ಲಿ ಸಿಪ್ಪೆ ಉರಿಯುತ್ತಿರುವಾಗ ಎಣ್ಣೆ ಹನಿಸಿ ಏನು ಸುಖ? ಮೊದಲು ಒಲೆಗೆ ಹಾಕುವುದನ್ನು ನಿಲ್ಲಿಸಬೇಕು, ಆಮೇಲೆ ನೊರೆ.

'ಮೊದ್ಲು ಒಲೆ ಉರಿ ಎಳೀತಾವ್ರೆ ಕಣಣ್ಣ. ಎಣ್ಣೆ ಆಮ್ಯಾಕೆ' ಅಂದೆ.

'ಅಂಗೋ' ಅಂದ ಅಣ್ಣ.

ಎದೆಯ ಓಟ ತಗ್ಗಿಸುವ ಔಷಧಿಯನ್ನು ಚೂರುಚೂರೇ ಕೊಟ್ಟರು. ಸೋತ ಹೃದಯವನ್ನು ಒಮ್ಮೆಲೇ ನಿಲ್ಲಿಸಿದಂತಾಗಬಾರದು ಎಂದು. ಇನ್ನೂ ಏನೇನೋ ಸೂಜಿ. ಕಾವು ಇಳಿಸಲು ಮೈಯೆಲ್ಲ ಒದ್ದೆ ಬಟ್ಟೆಯಿಂದ ಒರೆಸುತ್ತಿರಬೇಕು, ಐಸ್ ಸಿಕ್ಕಷ್ಟೂ ತನ್ನಿ ಅಂದರು. ಇಲ್ಲೊಂದು ತೊಡಕು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ಕೂರುವುದಿಲ್ಲ, ಭಾವ ಅವಳ ನೆರಳನ್ನೂ ತುಳಿಯುವುದಿಲ್ಲ. ಅಣ್ಣ ಅವಳ ಮುಖವನ್ನು ನೇರ ನೋಡಿ ಎಷ್ಟು ವರ್ಷವಾಗಿತ್ತೋ. ಅವನು ಗೋಡೆ ಕಡೆ ತಿರುಗಿ ನಿಂತು, 'ಐಸು ನಾನ್ ತತ್ತೀನಿ' ಎಂದು ಹೋದ. ಐಸ್‌ಕ್ಯಾಂಡಿ ಮಾಡುವ ಕಡೆಯಿಂದ ಗೋಣಿಚೀಲದಲ್ಲಿ ಹೊಟ್ಟು ಮೆತ್ತಿದ ಐಸ್ ಗಡ್ಡೆ ಹೊತ್ತು ತಂದ. ಹೆಗಲೆಲ್ಲ ನೆನೆದಿತ್ತು. ಒಡೆದು ಬಕೆಟ್ಟಿಗೆ ಹಾಕಿದ. ನಾನು ಒರೆಸುತ್ತಾ ಹೋದೆ. ನನ್ನ ಬೆರಳು ಮರಗಟ್ಟಿ ಬಟ್ಟೆ ಹಿಂಡಲಾಗದೆ ಹೋದಾಗ ಅಣ್ಣ ಒಂದು ಗಳಿಗೆ ನಿಂತು ನೋಡಿದ. ಆಮೇಲೆ ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡ.

'ಸರಿಯಾಚ್ಗೆ. ನನ್ ತಂಗಿ ಅನ್ಕತೀನಿ' ಎಂದು ಅವಳ ಪಾದ ಒರೆಸಲು ಕೂತ.

ಮಾರನೆಯ ದಿನ ಊರಿನವರು ಇಬ್ಬರು ಬಂದರು. ಅವಳನ್ನು ಕಂಡು, ನನ್ನನ್ನು ಹೊರಗೆ ಕರೆದು, 'ಉಸ್ರು ಇರುವಾಗ್ಲೇ ಮನೆಗೆ ಕರ್ಕಂಡೋಗುವ. ತಾಯಿ ಮುಂದೆ ತಪ್ಪು ಕಾಣಿಕೆ ಹಾಕ್ಬುಟ್ರೆ ಆಯ್ತು' ಅಂದರು. ನಾನು ಬಾಯಿ ತೆರೆಯುವ ಮುಂಚೆ ಅಣ್ಣನೇ ಎದ್ದ.

'ಬಂದ ಬಸ್ಸು ಅಲ್ಲೇ ನಿಂತದೆ, ಅತ್ಕಳಿ' ಅಂದ.

ಮೊದಲು ಇಳಿದದ್ದು ಕಾವು. ಆಮೇಲೆ ಎದೆಯ ಓಟ. ಉಚ್ಚೆಯ ಚೀಲ ಮಾತ್ರ ಖಾಲಿ. ನಾನು ಅದರ ಕೆಳಗೇ ಕೂತು ನೋಡುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಅದರಲ್ಲಿ ಚಹಾ ಬಣ್ಣದ ನೀರು ಸೇರಿತ್ತು. ಡಾಕ್ಟರಮ್ಮ ಚೀಲವನ್ನು ಬೆಳಕಿಗೆ ಹಿಡಿದು ನಕ್ಕರು. ಅಣ್ಣ ಆಸ್ಪತ್ರೆಯ ಪಡಸಾಲೆಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, 'ನಮ್ಮವಳು ಉಚ್ಚೆ ಉಯ್ದಳು ಕಣ್ರಪ್ಪ' ಎಂದು ಹೇಳುತ್ತಿದ್ದ. ಊರ ನ್ಯಾಯಸ್ಥ.

ಹೆಂಡತಿ ಕಣ್ಣು ತೆರೆದು ನನ್ನನ್ನು ಗುರುತು ಹಿಡಿದಳು. ಮೂಗಿನ ನಳಿಕೆ ತೆಗೆದು, ಇನ್ನು ಮಾತ್ರೆ ನೀವೇ ನುಂಗಬೇಕು ಎಂದು ನರ್ಸು ಅಂಗೈಗೆ ಇಟ್ಟಾಗ ಅವಳಿಗೆ ಎಲ್ಲ ತಿಳಿಯಿತು.

'ಇಷ್ಟು ದಿನ ಇದ್ನೇ ಕೊಟ್ರಾ?'

'ಊಂ ಕನ.'

ಅವಳ ಕಣ್ಣಲ್ಲಿ ನೀರು ಬಂತು. ಮಾತ್ರೆಯನ್ನು ಮೇಜಿನ ಮೇಲೆ ಇಟ್ಟು ಗೋಡೆ ಕಡೆ ತಿರುಗಿದಳು. 'ಆದದ್ದು ನಂಗೆ ಗೊತ್ತಿಲ್ದೆ ಆಯ್ತು. ಗೊತ್ತಿದ್ದೂ ನಾ ನುಂಗಾಕಿಲ್ಲ. ಕೂಸು ಹುಟ್ಲಿ, ಆಮ್ಯಾಕೆ ನೋಡುವ' ಅಂದಳು. ನಾನು ಬೇಡಿದೆ, ಬೈದೆ. ಡಾಕ್ಟರಮ್ಮ ಬಂದು, ಈಗ ಬಿಟ್ಟರೆ ಮತ್ತೆ ಹಾಗೇ ಆಗುತ್ತೆ, ಇನ್ನೊಂದು ಸಲ ಹೃದಯ ತಡೆಯಲ್ಲ ಅಂದರು. ಅವಳು ಕೈಮುಗಿದಳು, ಬಾಯಿ ತೆರೆಯಲಿಲ್ಲ. ಸಾವಿನ ಬಾಯಿಂದ ನಾವು ಎಳೆದು ತಂದರೆ ಅವಳು ತಾನಾಗಿಯೇ ಹಿಂದಕ್ಕೆ ಹೊರಟಿದ್ದಳು. ನಾನು ನಿಜವಾಗಿ ಹೆದರಿದ್ದು ಆಗಲೇ, ಅಂಗಳದಲ್ಲಲ್ಲ.

ಅಣ್ಣ ಊರಿಗೆ ಹೋಗಿ ಮಗಳನ್ನು ಕರೆದುಕೊಂಡು ಬಂದ. ಅವಳು ಬಸ್ಸಿನಲ್ಲಿ ಬಂದ ಸುಸ್ತಿಗೆ ಮಂಚದ ಅಂಚಿನಲ್ಲಿ ಕೂತಳು, ಮೇಜಿನ ಮೇಲಿದ್ದ ಮಾತ್ರೆ ನೋಡಿದಳು.

'ಅವ್ವಾ, ನಾನೂ ಒಂದು ಹರಕೆ ಹೊತ್ಕಂಡ್ ಬಂದಿವ್ನಿ.'

'ಏನವ್ವ ಅದು?'

'ನೀನು ಮಾತ್ರೆ ನುಂಗೋವರ್ಗೂ ನಾನು ಅನ್ನ ಮುಟ್ಟಾಕಿಲ್ಲ. ಬೆಳಿಗ್ಗಿಂದ ಮುಟ್ಟಿಲ್ಲ. ಅದೇ ತಾಯಿ ಮುಂದೆ ನಿಂತ್ಕಂಡು ಯೋಳ್ಬುಟ್ಟು ಬಂದಿವ್ನಿ.'

'ಅಯ್ಯೋ ಮುಂಡೇದೆ, ತುಂಬಿದ ಬಸುರಿ ಉಪಾಸ ಇದ್ರೆ ಮಗೀಗೆ ಏನಾಯ್ತದೆ ಗೊತ್ತಾ?'

'ನಂಗೇನ್ ಗೊತ್ತು. ಹರಕೆ ಮುರೀಬಾರ್ದು ಅಂತ ನೀನೇ ಯೋಳ್ಕೊಟ್ಟಿದ್ದು.'

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡು ಕೂತರು. ನನ್ನ ಹೆಂಡತಿ ಡಾಕ್ಟರಿಗೆ ಬಗ್ಗದವಳು, ಗಂಡನಿಗೆ ಬಗ್ಗದವಳು, ಮಗಳ ಒಣಗಿದ ತುಟಿಗೆ ಬಗ್ಗಿದಳು. ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, 'ತಗೊ, ಸಾಯಿ. ಈಗ ಉಣ್ಣೋಗು' ಅಂದಳು. ಆಮೇಲೆ ಮಗಳು ದಿನಾ ಅವಳ ಎದುರಿಗೇ ಕೂತು, ಅವಳು ನುಂಗಿದ ಮೇಲೆ ತಾನು ತುತ್ತು ಎತ್ತುತ್ತಿದ್ದಳು. ಇಂಥ ಮಗಳನ್ನು ಹೆತ್ತವನು ನಾನು. ಹೇಳಿಕೊಳ್ಳುತ್ತೇನೆ, ನಾಚಿಕೆ ಏನು?

ಊರಿಗೆ ಬಂದ ಮೇಲೆ ಹೆರಿಗೆಯವರೆಗಿನ ದಿನಗಳನ್ನು ಹೇಗೆ ಕಳೆದೆವೋ. ಎದುರು ಸಿಕ್ಕವರು ಹೆಂಡತಿ ಹೇಗವಳೆ ಎಂದು ಕೇಳುತ್ತಿರಲಿಲ್ಲ, ಮಗಳು ಹೇಗವಳೆ ಎಂದು ಕೇಳುತ್ತಿದ್ದರು. ಕೇಳುವ ಧಾಟಿಯಲ್ಲೇ ಅವರು ಏನನ್ನು ಕಾಯುತ್ತಿದ್ದಾರೆಂದು ತಿಳಿಯುತ್ತಿತ್ತು. ನಾನು ಪ್ರತಿಯೊಬ್ಬನಿಗೂ, 'ಚೆನ್ನಾಗವಳೆ, ನೀನು ಹೆಂಗಿದ್ದೀಯೆ' ಎಂದು ಎದೆ ಸೆಟೆಸಿ ಹೇಳಿ, ಮನೆಗೆ ಬಂದು ಮಗಳ ಮುಖವನ್ನು ಕದ್ದು ನೋಡುತ್ತಿದ್ದೆ.

ದಿನ ತುಂಬಿದಾಗ ಮಗಳನ್ನು ಅವಳು ಮೊದಲಿನಿಂದ ತೋರಿಸಿಕೊಳ್ಳುತ್ತಿದ್ದ ಪಾಂಡವಪುರದ ಆಸ್ಪತ್ರೆಗೆ ಸೇರಿಸಿದೆವು, ನೋವು ಅಲ್ಲೇ ಬಂತು. ನರ್ಸು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದದ್ದು ಹೆಣ್ಣು ಕೂಸು. ತಲೆತುಂಬ ಕೂದಲು, ಮುಷ್ಟಿ ಬಿಗಿದುಕೊಂಡು ಕಟ್ಟಡ ಕಿತ್ತುಹೋಗುವ ಹಾಗೆ ಅರಚುತ್ತಿತ್ತು. ನಾನು ಕುಣಿದೆ. ನಿಜವಾಗಿಯೂ ಕುಣಿದೆ, ಪಂಚೆ ಮೇಲೆ ಕಟ್ಟಿಕೊಂಡು, ಬೇರೆಯವರ ಮನೆಯ ಬಾಣಂತಿಯರ ಗಂಡಂದಿರ ನಡುವೆ. ಹೆಂಡತಿ ಕೂಸನ್ನು ಎದೆಗವುಚಿಕೊಂಡು, 'ಅಯ್ಯಾ, ಮಾನ ಕಳೀಬ್ಯಾಡ' ಅನ್ನುತ್ತಲೇ ತಾನೂ ನಗುತ್ತಾ ಅಳುತ್ತಿದ್ದಳು. ಬಾಣಂತನ ಪೂರ್ತಿ ಅವಳೇ ಮಾಡಿದಳು. ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ಯುವಾಗ ಕೂಸಿನ ಅಳು, ಅವಳ ಜೋಗುಳ, ಎರಡೂ ನಮ್ಮ ಬೀದಿ ದಾಟಿ ಕೇಳುತ್ತಿದ್ದವು. ನಾನು ಹೊರಗೆ ಜಗಲಿಯ ಮೇಲೆ ಕೂತು, ಹೋಗುವವರಿಗೆಲ್ಲ ಕೇಳಿಸುತ್ತಿದೆಯಾ ಎಂದು ನೋಡುತ್ತಿದ್ದೆ.

'ಹೆಣ್ಣಾ' ಎಂದು ಪೂಜಾರಿ ದನಿ ಎಳೆದ. 'ಹರಕೆ ಪೂರ್ತಿ ಆಗಿದ್ರೆ ಗಂಡಾಗ್ತಿತ್ತೇನೋ.'

'ಗಂಡು ಬೇಕು ಅಂತ ಯಾರ್ಲಾ ಕೇಳಿದ್ರು ನಿನ್ ತಾಯೀನ?' ಅಂದೆ. ಮಾರನೆಯ ದಿನ ಊರಿನ ಪ್ರತಿ ಮನೆಗೂ ಒಂದೊಂದು ಅಚ್ಚು ಬೆಲ್ಲ ಕೊಟ್ಟೆ. ಪೂಜಾರಿಯ ಮನೆಗೆ ಎರಡು.

ಬಾಣಂತಿ ಹೊಸಿಲು ದಾಟುವ ದಿನ ಹೆಂಡತಿ ಬೆಳಿಗ್ಗೆಯೇ ಮಾತ್ರೆ ನುಂಗಿ, ಹೊಸ ಸೀರೆಯುಟ್ಟು, ಕೂಸನ್ನು ಊರಮ್ಮನಿಗೆ ತೋರಿಸಿ ಬರುವ ಎಂದಳು. ಬೇಡ ಎನ್ನಲಿಲ್ಲ ನಾನು. ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬ ಹೆಂಗಸು ಮಾತ್ರೆ ನುಂಗಿದಳು ಎಂದು ಹುಟ್ಟದ ಕೂಸಿನ ಮೇಲೆ ಹಗೆ ತೀರಿಸುವಷ್ಟು ಸಣ್ಣವಳಲ್ಲ ಅವಳು. ಸಣ್ಣವರು ಹೊರಗೆ ನಿಂತಿದ್ದರು. ಗುಡಿಯ ಮುಂದೆ ಜನ ಸೇರಿದ್ದರು, ನಾನು ತಪ್ಪಾಯಿತು ಅನ್ನುತ್ತೇನೋ ಎಂದು ನೋಡಲು. ಮೊಮ್ಮಗಳನ್ನು ನಾನೇ ಎತ್ತಿಕೊಂಡು ಒಳಗೆ ಹೋದೆ, ಕೈ ನೀಡಿ ತಾಯಿಯ ಮುಖದೆದುರಿಗೆ ಹಿಡಿದೆ. ಕೂಸು ದೀಪ ನೋಡುತ್ತಾ ಬಾಯಿ ಚಪ್ಪರಿಸಿತು. ಪಕ್ಕದಲ್ಲಿ ಹೆಂಡತಿ ನಿಂತಿದ್ದಳು, ತನ್ನ ಕಾಲ ಮೇಲೆ, ಉಸಿರು ಸರಾಗವಾಗಿ.

ನಾನು ಅವತ್ತು ತಾಯಿಗೆ ಕೈ ಮುಗಿಯಲಿಲ್ಲ, ಅಹಂಕಾರ ಎಂದು ಊರಿನಲ್ಲಿ ಆಡಿಕೊಂಡರಂತೆ. ಎರಡು ಕೈಯಲ್ಲೂ ಮೊಮ್ಮಗಳಿದ್ದಳು. ಯಾವ ಕೈ ಬಿಟ್ಟು ಮುಗಿಯಬೇಕಿತ್ತು?